ಅಮಾವಾಸ್ಯೆಯ ದಿನ ಕಂಪ್ಯೂಟರಿಗೆ ರಜೆ

ಅಂಗಳಕ್ಕೆ ನೀರು ಹೊಡೆಯುವುದು, ಎಮ್ಮೆ ಹಿಂಡುವುದು, ಎಲ್ಲರ ಜಳಕಕ್ಕೆ ನೀರು ಕಾಯಿಸುವುದು, ಗಂಡನ ಬುತ್ತಿಗೆ ರೊಟ್ಟಿ ಬಡಿಯುವುದು. ಅಂದು ಅಮಾವಾಸ್ಯೆ, ಕಡಲೆಬೇಳೆ ಕುದಿಸಿ, ಬಸಿದು, ಹೂರಣ ರುಬ್ಬಿಡುವುದು ಬೇರೆ. ಇಷ್ಟೂ ಮುಗಿದಾಗ ತಿಕೋಟಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಆಮೇಲೆ ಶೈಲಾ ತನ್ನ 'ಕುಂತು ಮಾಡೋ ಕೆಲಸ'ಕ್ಕೆ ಕೂತಳು. ಆ ಹೆಸರಿಟ್ಟವನು ಗಂಡ ಸಿದ್ದರಾಮ.

ಅವಳು ದ್ರಾಕ್ಷಿ ತೋಟಗಳ ನಕ್ಷೆ ಬಿಡಿಸುತ್ತಾಳೆ. ಬಿಡಿಸುವ ಪ್ರೋಗ್ರಾಂ ಓಡುವುದು ವಿಜಯಪುರದ ಗಾಂಧಿ ಚೌಕದ ಕಚೇರಿಯಲ್ಲಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ. ಅದರ ಕಿಟಕಿಯಷ್ಟೇ ಇಂಟರ್‌ನೆಟ್ ದಾಟಿ ಬಂದು ಮನೆಯ ವಿಂಡೋಸ್ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಇದನ್ನು ಗಂಡನಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಅವನಿಗೆ ಬೇಗನೆ ತಿಳಿಯಿತು.

"ಅಂದ್ರ ಕೆಲಸ ಅಲ್ಲಿ ನಡಿತೈತಿ, ನೀ ಇಲ್ಲಿ ಬರೇ ನೋಡಾಕತ್ತಿ. ಒಂದ್ ಕಪ್ ಚಾ ಮಾಡು."

ಬಬಲೇಶ್ವರ ಭಾಗದ ನಕ್ಷೆಯನ್ನು ಅಂದು ಮಧ್ಯಾಹ್ನದೊಳಗೆ ಕೊಟ್ಟರೆ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆಯವರ ಪಾಲು. ಅತ್ತೆ ಶಂಕ್ರೆವ್ವ ಕೂಗಿದಳೆಂದು ಸೇವ್ ಮಾಡದೆ ಎದ್ದು, ಕಣಕ ನಾದಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಅದರ ಹಣೆಗೆ ವಿಭೂತಿ, ತಲೆಯ ಮೇಲೆ ಚೆಂಡುಹೂವು. ಮುಂದೆ ಅತ್ತೆ ಕೈಮುಗಿದು ನಿಂತಿದ್ದಳು.

"ಅತ್ತೀ, ಯಾಕ ಬಂದ್ ಮಾಡಿದ್ರಿ?"

"ಅಮಾಸಿ ದಿನ ಎತ್ತಿನ ಹೆಗಲಿಗೂ ನೊಗ ಇಡಂಗಿಲ್ಲ. ಪಾಪ, ಇದೂ ದಿನಾ ದುಡಿತೈತಿ, ಇವತ್ತರೆ ದಣಿವಾರಿಸ್ಕೊಳ್ಲಿ. ನೀ ನಡಿ, ಹಂಚು ಕಾದೈತಿ."

ದುಡಿಯುತ್ತಿದ್ದುದು ಗಾಂಧಿ ಚೌಕದ ಕಂಪ್ಯೂಟರ್. ಬರಿದೆ ಮುಖ ತೋರಿಸುತ್ತಿದ್ದುದಕ್ಕೆ ಪೂಜೆ, ರಜೆ ಎರಡೂ ಸಿಕ್ಕವು. ಇಲ್ಲಿ ಕಿಟಕಿ ಹೋದೊಡನೆ ಅಲ್ಲಿ ಪ್ರೋಗ್ರಾಂ ನಿಂತಿತ್ತು. ಬೆಳಗಿನಿಂದ ಎಳೆದ ಗೆರೆಗಳೆಲ್ಲ ಮಾಯ. ಶೈಲಾ ಕಚೇರಿಯ ಗೆಳತಿ ಸೈಮಾಗೆ ಫೋನ್ ಮಾಡಿದಳು.

"ಕಂಪ್ಯೂಟರ್ ಪೂಜಿ ಆತೇನು? ಹೋಳಿಗಿನೂ ತಿನಿಸ್ಬೇಕಿತ್ತಲ್ಲ ಬೇ!" ಸೈಮಾ ನಕ್ಕಳು. "ಸಂಜಿ ತನಕ ಸಾಹೇಬ್ರನ್ನ ನಾ ಸಂಭಾಳಸ್ತೀನಿ. ಇನ್ಮ್ಯಾಲೆ ನಿಮ್ಮನ್ಯಾಗ ಯಾರ್ ಬಂದ್ ಮಾಡಿದ್ರೂ ಇಲ್ಲಿ ಪ್ರೋಗ್ರಾಂ ನಿಲ್ಲದಂಗ ಮಾಡಿಕೊಡ್ಲೇನು? ಇಲ್ಲಾ, ನೀನ ಬರ್ತೀಯೋ? ನನ್ನ ಬಾಜೂ ಕುರ್ಚಿ ಖಾಲಿ ಐತಿ. ಬಂದ್ರ ದಿನಾ ಬರಬೇಕ ಮತ್ತ."

ಮೊದಲನೆಯ ಉಪಾಯ ಚೆನ್ನಾಗಿತ್ತು. ಪ್ರೋಗ್ರಾಂ ನಿಲ್ಲುವುದಿಲ್ಲ, ಹೋಳಿಗೆಯೂ ನಿಲ್ಲುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಅನುಕೂಲ. ಗಂಡನನ್ನು ಕೇಳಲು ನಂಬರು ಒತ್ತಿದವಳು ರಿಂಗಾಗುವ ಮೊದಲೇ ಕರೆ ಕತ್ತರಿಸಿದಳು. ಒಲೆ ಆರಿಸಿ, ಹೂರಣಕ್ಕೆ ತಟ್ಟೆ ಮುಚ್ಚಿ, ಕೈ ತೊಳೆದು ಬಸ್ ಸ್ಟ್ಯಾಂಡಿಗೆ ನಡೆದಳು. ವಿಜಯಪುರದ ಬಸ್ಸಿನಲ್ಲಿ ಕೂತ ಮೇಲೆ ಸೈಮಾಗೆ ಬರೆದಳು: "ಬರಾಕತ್ತೇನಿ. ನಾಳೇನೂ ಬರ್ತೀನಿ."