ತಮ್ಮನಿಗಾಗಿ ಎರಡು ಅರ್ಜಿ

ಓಣಿಯ ಹಿಂದಿನ ಸೆರೆಮನೆಯ ಸೈರನ್ ಬೆಳಿಗ್ಗೆ ಒಂಬತ್ತಕ್ಕೆ ಕೂಗಿತು. ಕೋರ್ಟಿನ ಮುಂದೆ ಕೂತು ಅರ್ಜಿ ಟೈಪ್ ಮಾಡುವ ಟೈಪಕ್ಕನ ತಮ್ಮ ಎರಡು ವರ್ಷದಿಂದ ಅದರೊಳಗಿದ್ದ. ತನಗೆ ಬಾರದ ಭಾಷೆಯ ತಪ್ಪೊಪ್ಪಿಗೆಗೆ ಅವನು ಸಹಿ ಹಾಕಿದ್ದ. ಅಪೀಲಿಗೆ ಇಂದೇ ಕೊನೆಯ ದಿನ. ಅರ್ಜಿ ಬರೆಯುವ ಇಬ್ಬರು, ಕನ್ನಡಕದವರು ಮತ್ತು ಒಬ್ಬ ಮುದುಕರು, ಒಂದೊಂದು ಬರೆದುಕೊಟ್ಟಿದ್ದರು. ಕೊಡಬಹುದಾದದ್ದು ಒಂದನ್ನೇ. ಕೋರ್ಟಿಗೆ ಹೊರಡುವ ಮುಂಚೆ ಅವಳು ಮನೆಯಲ್ಲೇ ಎರಡನ್ನೂ ಕೈಗೆತ್ತಿಕೊಂಡಳು.

ಟೈಪ್ ಮಾಡುವ ಮೊದಲು, ತಾನೇ ಅರ್ಜಿದಾರಳೆಂಬಂತೆ ಗಟ್ಟಿಯಾಗಿ ಓದುವುದು ಅವಳ ಪದ್ಧತಿ. ಆರೋಪಿಗೆ ಅರ್ಥವಾಗದ ವಿಚಾರಣೆ ವಿಚಾರಣೆಯೇ ಅಲ್ಲ ಎಂದು ಕನ್ನಡಕದವರು ಕಾನೂನಿನ ಕಲಮುಗಳ ಸಮೇತ ವಾದಿಸಿದ್ದರು, ಎಲ್ಲೂ ಬಿರುಕಿರಲಿಲ್ಲ. ಮುದುಕರದ್ದರಲ್ಲಿ ಒಂದು ಕಲಮೂ ಇರಲಿಲ್ಲ. ‘ದಿನವಿಡೀ ನನ್ನ ಬಗ್ಗೆಯೇ ಮಾತಾಡಿದರು. ನನ್ನ ಹೆಸರೊಂದು ಬಿಟ್ಟು ನನಗೇನೂ ತಿಳಿಯಲಿಲ್ಲ’ ಎಂದು ಓದುವಾಗ ಅವಳ ದನಿ ತಗ್ಗಿ, ಒಡೆದು, ಗಂಡಸಿನದಾಯಿತು. ನಿಲ್ಲಿಸಲು ನೋಡಿದಳು. ಬಾಯಿ ಓದುತ್ತಲೇ ಇತ್ತು.

“ಬಂದ್ಯೇನೋ ಮಗನೇ?” ಒಳಗಿನಿಂದ ಅಮ್ಮ ಕೂಗಿದಳು. “ಮನೆ ದಾರಿ ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತಾ?”

ಅಷ್ಟರಲ್ಲಿ ಕನ್ನಡಕದವರು ಬಾಗಿಲಿಗೆ ಬಂದರು. “ನನ್ನದು ತಾನೇ ಅಕ್ಕಾ? ಆ ಮುದುಕಪ್ಪಂದು ಬರೀ ಗೋಳು.”

“ನಿಮ್ಮದ್ರಲ್ಲಿ ತಪ್ಪು ಹುಡುಕೋ ಹಾಗೇ ಇಲ್ಲ ಸಾರ್. ಆದ್ರೆ ಅವರದನ್ನ ಓದಿದಾಗ ಅಮ್ಮ…” ಎನ್ನುತ್ತಲೇ ಅವಳು ಮುದುಕರ ಹಾಳೆಗಳನ್ನು ಎದೆಗವಚಿಕೊಂಡು ಕೋರ್ಟಿನ ಕಡೆ ನಡೆದುಬಿಟ್ಟಳು.