ಈಶಾನ್ಯಕ್ಕೆ ವಾಟ

ಗಾಲ್ಫ್ ಕ್ಲಬ್ಬಿನ ಅರ್ಜಿಯಲ್ಲಿ ಗಂಡಸೋ ಹೆಂಗಸೋ ಎಂದು ಕೇಳುವ ಸಾಲೇ ಇರಲಿಲ್ಲ. ಅದು ಅವರ ತಪ್ಪು, ನನ್ನದಲ್ಲ. ‘ಸರ್ಕಾರಿ ನೌಕರರು ಸದಸ್ಯರಾಗಬಹುದು’ ಎಂದು ಅಚ್ಚು ಹಾಕಿಸಿದ್ದರು. ನಾನು ನೀರಾವರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಅವೇ ಗೆರೆಗಳನ್ನು ಮಸಿಯಲ್ಲಿ ತಿದ್ದುವ ಕೆಲಸ. ಎರಡು ಇನಿಷಿಯಲ್, ಒಂದು ಅಡ್ಡಹೆಸರು ಬರೆದು ಸಹಿ ಹಾಕಿ ಕಳಿಸಿದೆ. ವಾರದೊಳಗೆ ಕಾರ್ಡು ಬಂತು. ನನ್ನ ಹೆಸರಿನ ಮೊದಲು ‘ಶ್ರೀ’ ಇತ್ತು.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ನಾನು ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಕಚೇರಿ ಬಿಟ್ಟ ಮೇಲೆ ಬಸ್ಸು ಹತ್ತಿ ತಿಕೋಟಾಕ್ಕೆ, ಅವ್ವನ ಹತ್ತಿರ. ಆ ಬಸ್ಸಿನ ಕಿಟಕಿಯಿಂದಲೇ ಗಾಲ್ಫ್ ಮೈದಾನ ಕಾಣುತ್ತಿತ್ತು. ಬಿಳಿ ಟೋಪಿಯ ನಾಲ್ಕೈದು ಗಂಡಸರು, ಕೈಯಲ್ಲೊಂದು ಕೋಲು, ಅಷ್ಟು ದೊಡ್ಡ ಬಯಲನ್ನು ಸುಮ್ಮನೆ ದಾಟುತ್ತಿದ್ದರು. ನನಗೆ ಆಟದ ಮೇಲೆ ಆಸೆ ಹುಟ್ಟಿದ್ದಲ್ಲ, ಆ ನಡಿಗೆಯ ಮೇಲೆ. ತಲೆಯ ಮೇಲೆ ಕೊಡವಿಲ್ಲದೆ, ಕಂಕುಳಲ್ಲಿ ಬುತ್ತಿಗಂಟಿಲ್ಲದೆ, ಯಾರ ಮನೆಗೂ ಹೋಗುವುದಿಲ್ಲದೆ ಒಂದು ಬಯಲನ್ನು ದಾಟಿದ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ದಾಟಬೇಕು ಅನ್ನಿಸಿತು. ಒಂಬತ್ತು ಕುಳಿಗಳ ಆ ಬಯಲನ್ನು ಪೂರ್ತಿಯಾಗಿ.

ಕಾರ್ಡು ಹಿಡಿದು ಹೋದ ದಿನ ಕ್ಲಬ್ಬಿನ ಕಾರ್ಯದರ್ಶಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಪ್ಯಾಂಟು, ಇಸ್ತ್ರಿ ಮಾಡಿದಂಥದೇ ಮೀಸೆ.

“ಇದು ಹೆಂಗ ಆತು?” ಎಂದರು.

“ನೀವ ಕಳಿಸೀರಿ,” ಎಂದೆ.

ಕಾರ್ಡು ಕಿತ್ತುಕೊಳ್ಳಲು ಅವರ ನಿಯಮದ ಪುಸ್ತಕದಲ್ಲಿ ದಾರಿ ಇರಲಿಲ್ಲ. ಮೈದಾನಕ್ಕೆ ಬಿಡಲು ಮನಸ್ಸಿರಲಿಲ್ಲ. ಆಗ ಒಂದು ಉಪಾಯ ಹುಡುಕಿದರು. ಕ್ಲಬ್ಬಿನ ಪಡಸಾಲೆಯ ಎದುರಿಗೆ ಅಭ್ಯಾಸಕ್ಕೆಂದು ಮಾಡಿದ ಒಂದು ಕಟ್ಟೆಯಿತ್ತು. ಹುಲ್ಲಿರುವ ಊರುಗಳಲ್ಲಿ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಇರುತ್ತದಂತೆ. ನಮ್ಮ ಬಿಸಿಲಿಗೆ ಹುಲ್ಲೆಲ್ಲಿ ಬದುಕಬೇಕು? ಇಲ್ಲಿ ಮರಳಿಗೆ ಮೋಟಾರಿನ ಹಳೆ ಎಣ್ಣೆ ಕಲಸಿ, ಬಡಿದು, ದುಂಡಗೆ ಹಾಸಿದ್ದರು. ಸಾಹೇಬರು ಅದಕ್ಕೆ ಬ್ರೌನ್ ಅನ್ನುತ್ತಿದ್ದರು, ಕಾವಲುಗಾರ ಎಣ್ಣಿಕಟ್ಟಿ ಅನ್ನುತ್ತಿದ್ದ. ನಾನೂ ಎಣ್ಣೆಕಟ್ಟೆ ಎಂದೇ ಕರೆದೆ. ಅದರ ನಡುವೆ ತಗಡಿನ ಡಬ್ಬಿ ಹೂತ ಕುಳಿ. ಪಟರ್ ಎಂಬ ಚಪ್ಪಟೆ ಕೋಲಿನಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಆ ಕುಳಿಗೆ ಬೀಳಿಸಬೇಕು.

“ನೋಡವಾ, ನೀ ಇಲ್ಲೇ ಆಡು. ದೊಡ್ಡ ಹೊಡ್ತಾ ಎಲ್ಲಾ ಹೆಣ್ಮಕ್ಕಳಿಗಲ್ಲ. ಬಯಲಾಗ ಒಬ್ಬಾಕಿನ ತಿರಗ್ಯಾಡಿದ್ರ ಮಂದಿ ಏನಂದಾರು?” ಎಂದರು.

ಮಂದಿ ಏನಂದಾರು ಎಂದು ಅವರು ಮಂದಿಯನ್ನು ಕೇಳಿರಲಿಲ್ಲ. ಹೀಗೆ ಒಂಬತ್ತು ಕುಳಿಗಳ ಬಯಲಿನಲ್ಲಿ ನನ್ನ ಪಾಲಿಗೆ ಹದಿನೈದು ಹೆಜ್ಜೆ ಅಗಲದ ಮರಳು ಬಂತು. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ತಿಕೋಟಾ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಇಳಿಯುವಾಗ ಒಂದು ಮಾತು ಗಟ್ಟಿ ಮಾಡಿಕೊಂಡೆ. ಕೊಟ್ಟದ್ದು ಇಷ್ಟೇ ಆದರೆ ಇಷ್ಟರಲ್ಲಿ ನನ್ನ ಮುಂದೆ ಯಾವ ಗಂಡಸೂ ನಿಲ್ಲಬಾರದು.

ಮೊದಲ ತಿಂಗಳು ನಾನು ಆಡುವುದಕ್ಕಿಂತ ನೋಡಿದ್ದೇ ಹೆಚ್ಚು. ಸಂಜೆ ಸದಸ್ಯರು ಬಂದು ಕಟ್ಟೆಯ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳ ಹತ್ತಿರ ಚಿತ್ರಗಳಿರುವ ಇಂಗ್ಲಿಷ್ ಪುಸ್ತಕವಿತ್ತು. ಕಾಲು ಎಷ್ಟು ಅಗಲ, ಮೊಣಕೈ ಎಲ್ಲಿ, ಎಲ್ಲವೂ ಅದರಲ್ಲಿದ್ದ ಹಾಗೇ. ಆದರೂ ಚೆಂಡು ಕುಳಿಯ ಬದಿಯಿಂದ ಜಾರಿ ಹೋಗುತ್ತಿತ್ತು. ಒಬ್ಬರು ಗಾಳಿಗೆ ಬೈದರೆ ಇನ್ನೊಬ್ಬರು ಚೆಂಡಿಗೆ ಬೈಯುತ್ತಿದ್ದರು. ನಾನು ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಲಕ್ಷ್ಯ ಇಟ್ಟು ನೋಡಿದೆ. ದಕ್ಷಿಣದಿಂದ ಹೊಡೆದ ಚೆಂಡು ಬಲಕ್ಕೆ ಸರಿಯುತ್ತಿತ್ತು. ಪಶ್ಚಿಮದಿಂದ ಹೊಡೆದದ್ದು ಎಡಕ್ಕೆ. ಗಾಳಿ ಹಾಗೆ ದಿನಾಲೂ ಒಂದೇ ಕಡೆ ಎಳೆಯುವುದಿಲ್ಲ.

ಅವರ ಕಣ್ಣಿಗೆ ಮೋಸ ಮಾಡಿದ್ದು ಆ ಬಯಲು. ಇಡೀ ಮೈದಾನ ಪಶ್ಚಿಮದ ಹಳ್ಳದ ಕಡೆ ಇಳಿಯುತ್ತದೆ. ಕಟ್ಟೆಯೂ ಆ ಕಡೆಗೇ ಇಳಿದಿದೆ ಎಂದು ಎಲ್ಲರೂ ನಂಬಿದ್ದರು. ನಾನು ಕಾವಲುಗಾರನನ್ನು ಕೇಳಿದೆ, ಈ ಕಟ್ಟಿ ಯಾರು ಮಾಡಿದ್ದು?

“ಬಬಲೇಶ್ವರದ ಗೌಂಡಿ ಕಾಕಾ ರೀ. ಒಂಬತ್ತೂ ಅವರ ಮಾಡ್ಯಾರ,” ಎಂದ.

ನನಗೆ ನಗು ಬಂತು. ಆ ಮುಸಲ್ಮಾನ ಮುದುಕ ತಿಕೋಟಾದ ನಮ್ಮ ಮನೆಯ ಮಣ್ಣಿನ ಮಾಳಿಗೆಯನ್ನೂ ಹಾಕಿದವನು. ಮಾಳಿಗೆಯಿರಲಿ, ಅಂಗಳವಿರಲಿ, ಬಚ್ಚಲಿರಲಿ, ಬಿದ್ದ ನೀರು ತಾನಾಗಿ ಹರಿದು ಹೋಗಲು ನೆಲಕ್ಕೆ ಕೊಡುವ ಸಣ್ಣ ಇಳಿಜಾರಿಗೆ ನಮ್ಮಲ್ಲಿ ವಾಟ ಅನ್ನುತ್ತೇವೆ. ನಮ್ಮ ಕಡೆ ಮನೆ ಕಟ್ಟಿಸುವವರೆಲ್ಲ ನೀರು ಈಶಾನ್ಯಕ್ಕೆ ಹೋಗಬೇಕು ಎಂದು ಹಟ ಹಿಡಿಯುತ್ತಾರೆ. ನಲವತ್ತು ವರ್ಷ ಅದನ್ನೇ ಮಾಡಿದ ಕೈ, ಗಾಲ್ಫ್ ಕಟ್ಟೆಯೆಂದು ಬೇರೆ ಮಾಡೀತೇ? ಅವ್ವ ಪ್ರತಿ ಸಲ ನೆಲ ಸಾರಿಸಿ ಒಣಗಿದ ಮೇಲೆ ಒಂದು ತಂಬಿಗೆ ನೀರು ಸುರಿದು, ಅದು ಹೋಗುವ ದಾರಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಹಾಗೆ ನೋಡುವುದನ್ನು ನಾನು ಓದು ಬರಹಕ್ಕಿಂತ ಮೊದಲು ಕಲಿತಿದ್ದೆ.

ಆ ಸಂಜೆ ಕಾರ್ಯದರ್ಶಿಗಳು ಮೂರನೆಯ ಸಲ ತಪ್ಪಿದಾಗ ನಾನು ಸುಮ್ಮನಿರದೆ ಹೇಳಿದೆ. “ಸರ್, ವಾಟ ಈಶಾನ್ಯಕ್ಕೈತ್ರಿ. ಹಳ್ಳದ ಕಡೆ ಇಲ್ಲ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಪಡಸಾಲೆಯೆಲ್ಲ ನಕ್ಕಿತು. ಗಾಲ್ಫಿಗೂ ವಾಸ್ತು ಹಚ್ಚ್ಯಾಳಪಾ ಎಂದರು ಒಬ್ಬರು. ಕುಳಿ ತೋಡುವ ಮುನ್ನ ಅಯ್ನೋರನ್ನ ಕರಸಬೇಕಿತ್ತು ಎಂದರು ಇನ್ನೊಬ್ಬರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಕಾರ್ಯದರ್ಶಿ. ಕಣ್ಣಲ್ಲಿ ನೀರು ಬಂದು ಕರವಸ್ತ್ರ ತೆಗೆದರು. ಒಂದು ಸಲ ಹೇಳಿಯಾಗಿತ್ತು, ಎರಡನೆಯ ಸಲ ಹೇಳುವ ದರ್ದು ನನಗಿರಲಿಲ್ಲ.

ಮುಂದಿನ ಒಂದೂವರೆ ವರ್ಷ ನಾನು ಆ ಕಟ್ಟೆ ಬಿಡಲಿಲ್ಲ. ಕಚೇರಿಗೆ ಹೋಗುವ ಮುನ್ನ ಒಂದು ತಾಸು, ಬಿಟ್ಟ ಮೇಲೆ ಕತ್ತಲಾಗುವವರೆಗೆ. ಕ್ಲಬ್ಬಿನ ಮೂಲೆಯಲ್ಲಿ ಬಿದ್ದಿದ್ದ ಹಿಡಿ ಸವೆದ ಪಟರ್ ಒಂದೇ ನನ್ನ ಆಸ್ತಿ. ಮೊದಲು ಕುಳಿಯನ್ನು ಮರೆತೆ. ಮರಳಿನ ಮೇಲೆ ಒಂದು ಶೇಂಗಾ ಇಟ್ಟು, ಚೆಂಡು ಅದನ್ನು ದಾಟಿ ಒಂದು ಗೇಣು ಮುಂದೆ ನಿಲ್ಲಬೇಕು ಎಂದು ಹೊಡೆದೆ. ದಿಕ್ಕು ತಪ್ಪಿದರೆ ಸರಿಪಡಿಸಬಹುದು, ಜೋರು ತಪ್ಪಿದರೆ ಏನೂ ಉಳಿಯುವುದಿಲ್ಲ. ವಾಟ ಚೆಂಡನ್ನು ಎಳೆಯುವುದು ಅದು ಸುಸ್ತಾದ ಮೇಲೆ, ಕೊನೆಯ ಮೂರು ಗೇಣಿನಲ್ಲಿ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ಸಾವಿರ ಸಲ ತಪ್ಪಿ ತಿಳಿದುಕೊಂಡೆ. ಆಮೇಲೆ ತಲೆ. ಹೊಡೆದ ಕೂಡಲೇ ಚೆಂಡು ಎಲ್ಲಿ ಹೋಯಿತೆಂದು ನೋಡುವ ಚಟ ನನಗೂ ಇತ್ತು; ತಲೆ ಎತ್ತಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಕೋಲು ಓರೆಯಾಗುತ್ತದೆ. ತಗಡಿನ ಡಬ್ಬಿಯ ಸದ್ದು ಕಿವಿಗೆ ಬೀಳುವವರೆಗೆ ಕಣ್ಣು ಎತ್ತಬಾರದು ಎಂದು ನೇಮ ಮಾಡಿಕೊಂಡೆ. ಸದ್ದು ಬಾರದಿದ್ದರೆ ಹತ್ತು ಎಣಿಸಿ ಎತ್ತುತ್ತಿದ್ದೆ.

ನಿಲ್ಲುವ ರೀತಿಯಂತೂ ಅವರಿಗೆ ದೊಡ್ಡ ತಮಾಷೆ. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಾಲು ಅಗಲ ಮಾಡಿ, ಸೊಂಟದಿಂದ ಬಾಗುತ್ತಿದ್ದೆ.

“ಕಸಾ ಹೊಡಿಯಾಕತ್ತಾಳ ನೋಡ್ರಿ,” ಎಂದು ಪಡಸಾಲೆಯಿಂದ ಯಾರೋ ಅಂದರು.

ಹೌದು, ಕಸ ಹೊಡೆಯುವ ಹಾಗೇ ನಿಲ್ಲುತ್ತಿದ್ದೆ. ಏಳನೆಯ ವಯಸ್ಸಿನಿಂದ ಬೆಳಗಾದರೆ ಹಾಗೇ ಬಾಗಿದ ಮೈ ನನ್ನದು. ಅಲುಗಾಡದೆ ಅಷ್ಟು ಹೊತ್ತು ನಿಲ್ಲುವುದು ಆ ಕ್ಲಬ್ಬಿನಲ್ಲಿ ಇನ್ಯಾರಿಗೆ ಬರುತ್ತಿತ್ತು? ಸೀರೆಯ ಅಂಚಿಗೆ ಹತ್ತಿದ ಎಣ್ಣೆಯ ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ಅವ್ವ ಬಾವಿಕಟ್ಟೆಯಲ್ಲಿ ತಿಕ್ಕಿ ತಿಕ್ಕಿ ಸಾಕಾಗಿ, “ಎಲ್ಲಿ ಹೊರಳ್ಯಾಡಿ ಬರ್ತಿ ಬೇ ನೀನು?” ಎಂದು ಕೇಳುತ್ತಿದ್ದಳು.

“ನೆಲಾ ನೋಡಾಕ ಹೋಗ್ತೀನಿ,” ಎನ್ನುತ್ತಿದ್ದೆ. ಅದು ಅವಳಿಗೆ ಸರಿಯಾದ ಕೆಲಸವೆಂದೇ ಕಂಡಿರಬೇಕು, ಮುಂದೆ ಕೇಳಲಿಲ್ಲ.

ಎರಡನೆಯ ವರ್ಷ ಕ್ಲಬ್ಬಿನ ವಾರ್ಷಿಕ ದಿನ ಅಭ್ಯಾಸದ ಕಟ್ಟೆಯ ಮೇಲೆ ಒಂದು ಪಂದ್ಯವಿಟ್ಟರು. ಸೋಲಾಪುರದಿಂದಲೂ ಆಟಗಾರರು ಬಂದಿದ್ದರು. ಬೇರೆ ಬೇರೆ ಜಾಗದಿಂದ ಹತ್ತು ಚೆಂಡು, ಹೆಚ್ಚು ಬೀಳಿಸಿದವರು ಗೆದ್ದ ಹಾಗೆ. ನನ್ನ ಹೆಸರು ಬರೆಯಿರಿ ಎಂದೆ. ಅತಿಥಿಗಳ ಎದುರಿಗೆ ಇಲ್ಲವೆನ್ನಲು ಕಾರ್ಯದರ್ಶಿಗಳಿಗೆ ಮುಜುಗರ. ನಗುನಗುತ್ತ ಎಲ್ಲರಿಗೂ ಕೇಳುವಂತೆ ಅಂದರು, “ಬರಿಯವಾ, ಬರಿ. ಗೆದ್ದಿ ಅಂದ್ರ ನಾಳಿಯಿಂದ ಒಂಬತ್ತೂ ಕುಳಿ ನಿಂದ.”

ಎಂಟು ಬೀಳಿಸಿದೆ. ನನ್ನ ನಂತರದ ಸ್ಥಾನದವರು ಐದು. ತಗಡಿನ ಸದ್ದು ಎಂಟು ಸಲ ಕೇಳಿತು. ಸೋಲಾಪುರದವರು ಚಪ್ಪಾಳೆ ತಟ್ಟಿದರು. ನಮ್ಮವರು ಚಹಾದ ಕಪ್ಪು ಕೆಳಗಿಟ್ಟು ಕೈ ಖಾಲಿ ಮಾಡಿಕೊಳ್ಳುವುದರಲ್ಲಿ ಚಪ್ಪಾಳೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ಹೋದರೆ, “ಅದು ಚಾಷ್ಟಿಗೆ, ನಗಸಾಕ ಅಂದಿದ್ದೆವಾ,” ಎಂದರು ಕಾರ್ಯದರ್ಶಿ.

“ನಾ ಚಾಷ್ಟಿಗೆ ಬೀಳಿಸಿಲ್ಲರಿ,” ಎಂದೆ.

ಮೂಲೆಯಲ್ಲಿದ್ದ ಇನ್ನೊಂದು ಹಳೆ ಕೋಲನ್ನು ಎತ್ತಿಕೊಂಡು ನೇರವಾಗಿ ಮೊದಲ ಕುಳಿಯ ಕಡೆ ಹೊಡೆಯುವ ಜಾಗಕ್ಕೆ ನಡೆದೆ. ದೊಡ್ಡ ಹೊಡೆತ ನಾನು ಜೀವಮಾನದಲ್ಲಿ ಹೊಡೆದಿರಲಿಲ್ಲ. ಮೊದಲನೆಯದು ಗಾಳಿಗೆ ಹೋಯಿತು. ಎರಡನೆಯದಕ್ಕೆ ಚೆಂಡು ಹತ್ತು ಮಾರು ಓಡಿ ಜಾಲಿಕಂಟಿಯಲ್ಲಿ ಅಡಗಿತು. ಹಿಂದಿನಿಂದ ನಗು ಕೇಳಿಸಿತು, ನಂತರ ಕಾರ್ಯದರ್ಶಿಗಳು ಕರೆಯುವ ದನಿ. ನಾನು ಕಂಟಿಯೊಳಗೆ ಕೈ ಹಾಕಿ, ಮುಳ್ಳು ಚುಚ್ಚಿಸಿಕೊಂಡು, ಚೆಂಡು ಹೊರಗೆ ತೆಗೆದು ಮತ್ತೆ ಹೊಡೆದೆ. ಮೊದಲ ಕಟ್ಟೆ ಮುಟ್ಟಲು ಹದಿನಾಲ್ಕು ಹೊಡೆತ ಬೇಕಾದವು. ಇಂತಿಷ್ಟೇ ಹೊಡೆತದಲ್ಲಿ ಮುಟ್ಟಬೇಕೆಂದು ನಿಯಮದ ಪುಸ್ತಕದಲ್ಲಿಲ್ಲ. ಕಟ್ಟೆಯ ಮೇಲೆ ಬಂದು ವಾಟ ನೋಡಿದೆ, ಈಶಾನ್ಯ. ಒಂದೇ ಏಟಿಗೆ ಬೀಳಿಸಿದೆ.

ಹಾಗೆ ಒಂಬತ್ತೂ ಮುಗಿಸಿದೆ. ನೆತ್ತಿಯ ಮೇಲೆ ಬಿಸಿಲು ಬಂದಿತ್ತು, ಅಂಗೈಯಲ್ಲಿ ಬೊಬ್ಬೆ. ಆರನೆಯ ಕುಳಿಯ ಹತ್ತಿರ ತಿಕೋಟಾದ ಬಸ್ಸು ಹಾದು ಹೋಯಿತು, ಕಿಟಕಿಯಲ್ಲಿ ಒಬ್ಬ ಹೆಂಗಸು ಕತ್ತು ತಿರುಗಿಸಿ ನನ್ನನ್ನು ನೋಡುತ್ತಲೇ ಹೋದಳು. ನನಗೆ ಅಳು ಬಂತು. ಯಾಕೆಂದು ಆಗ ಕೇಳಿಕೊಳ್ಳಲಿಲ್ಲ, ಮೂಗು ಒರೆಸಿಕೊಂಡು ಏಳನೆಯದಕ್ಕೆ ಹೋದೆ.

ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ತಡೆಯಲಾಗದ ಮೇಲೆ ಕಾರ್ಯದರ್ಶಿಗಳಿಗೆ ಹೊಸ ವಿಚಾರ ಹೊಳೆಯಿತು. ಕಟ್ಟೆಗಳಲ್ಲೇ ದೋಷವಿದೆ, ಎಲ್ಲವನ್ನೂ ಕಿತ್ತು ಸಪಾಟಾಗಿ ಹಾಸಿಸಬೇಕು, ಆಮೇಲೆ ನೋಡೋಣ ಯಾರ ಕೈ ಎಷ್ಟೆಂದು. ಬಬಲೇಶ್ವರದ ಗೌಂಡಿ ಕಾಕಾನನ್ನೇ ಕರೆಸಿದರು. ಮುದುಕ ನನ್ನನ್ನು ಗುರುತು ಹಿಡಿದ.

“ಮಾಳಿಗಿ ಸೋರ್ತೈತೇನು ತಂಗಿ?”

“ಒಂದ ಹನಿನೂ ಇಲ್ಲ ಕಾಕಾ.”

“ಪೂರಾ ಸಪಾಟ ಬೇಕು, ತಿಳೀತ?” ಎಂದರು ಕಾರ್ಯದರ್ಶಿ.

“ಸಪಾಟ ಮಾಡ್ತೀನ್ರಿ ಸಾಹೇಬ್ರ,” ಎಂದ ಕಾಕಾ.

ಹದಿನೈದು ದಿನ ಕೆಲಸ ನಡೆಯಿತು. ಕೊನೆಯ ದಿನ ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಕಾಕಾ ಹೊಸ ಕಟ್ಟೆಯ ನೈರುತ್ಯದ ಬದಿಯಲ್ಲಿ ನಿಂತು ಒಂದು ತಂಬಿಗೆ ನೀರು ಸುರಿದ. ಎಣ್ಣೆಯ ಮರಳಿನ ಮೇಲೆ ನೀರು ಇಂಗದೆ ನಿಧಾನಕ್ಕೆ ಹರಿದು, ನೇರವಾಗಿ ಎದುರು ಬದಿಗೆ ಹೋಗಿ ಅಂಚಿನಿಂದ ಇಳಿಯಿತು. ಕಾಕಾ ತಲೆಯಾಡಿಸಿದ.

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, “ಕಾಕಾ, ಸಪಾಟ ಅಂದಿದ್ರಲ್ಲ?”

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. “ನೀರ ಎಲ್ಲೂ ನಿಂದರಲಿಲ್ಲಲ್ಲ ತಂಗಿ. ಸಪಾಟ ಅಂದ್ರ ಮತ್ತೇನು?”

ಅವನ ಪಾಲಿಗೆ ಆ ಶಬ್ದಕ್ಕೆ ಇನ್ನೊಂದು ಅರ್ಥ ಇರಲೇ ಇಲ್ಲ. ನಾನು ತಿದ್ದಲು ಹೋಗಲಿಲ್ಲ. ತಿದ್ದುವುದೇ ನನ್ನ ನೌಕರಿ, ಆದರೆ ಆ ದಿನ ನನಗೆ ರಜೆಯಿತ್ತು.

ಹೊಸ ಕಟ್ಟೆಗಳ ಮೇಲೆ ಮೊದಲ ಆಟ ಒಂದು ಭಾನುವಾರ. ಮೊದಲ ಕಟ್ಟೆ ಮುಟ್ಟಿದ ಮೇಲೆ ನನ್ನದು ಒಂದೇ ಏಟಿಗೆ ಕುಳಿಗೆ ಬಿತ್ತು. ಕಾರ್ಯದರ್ಶಿಗಳು ಪುಸ್ತಕದಲ್ಲಿದ್ದಂತೆ ನಿಂತು ಹೊಡೆದರು. ಚೆಂಡು ಬಲಕ್ಕೆ ಸರಿದು ಹೋಯಿತು. ಮತ್ತೆ ಹೊಡೆದರು, ಮತ್ತೆ ತಪ್ಪಿತು. ಉಳಿದವರು ಬೇರೆ ಕಡೆ ನೋಡುತ್ತ ನಿಂತರು. ಮೂರನೆಯ ಸಲ ಹೊಡೆಯುವ ಮುನ್ನ ಅವರು ಕೋಲಿಗೆ ಆತುಕೊಂಡು ನನ್ನ ಹತ್ತಿರ ಬಂದರು. ಬೇರೆಯವರಿಗೆ ಕೇಳಿಸದಷ್ಟು ಸಣ್ಣ ದನಿ. ಆ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ‘ರಿ’ ಹಚ್ಚಿ ಮಾತಾಡಿದರು.

“ಇದು ಯಾವ ಕಡೆ ಹೋಗ್ತೈತ್ರಿ?”

“ಆಗಲೇ ಹೇಳೇನ್ರಿ,” ಎಂದೆ.

“ಯಾವಾಗ?”

“ನೀವು ನಕ್ಕು ನಕ್ಕು ಕರವಸ್ತ್ರ ತಗದ ದಿನಾ.”

ಅವರು ನೆನಪು ಮಾಡಿಕೊಳ್ಳುತ್ತ ಅಲ್ಲೇ ನಿಂತರು. ನಾನು ಕಾಯಲಿಲ್ಲ. ನನಗೆ ಇನ್ನೂ ಎಂಟು ಕುಳಿಗಳ ದಾರಿ ನಡೆಯುವುದಿತ್ತು.