ಓದಿ ಹೇಳದ ಕಾಗದ

ಮೊನ್ನೆ ಟ್ರಂಕು ತೆಗೆದಾಗ ಒಮ್ಮೆಯೂ ಹಾಕಿಕೊಳ್ಳದ ಅಂಗಿಯೊಂದು ಕೈಗೆ ಬಂತು. ಕಿಸೆಯಲ್ಲಿ ದರ್ಜಿಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ನೀಲಿ ಚಾಕಿನ ಚೂರು. ಹೊಲಿಯುವಾಗ ಅದರಲ್ಲೇ ಉಳಿದುಬಿಟ್ಟಿರಬೇಕು... ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ.

ನಮ್ಮೂರು ಸಂಶಿಯಲ್ಲಿ ನಮ್ಮ ಬಾಜು ಮನೆ ದರ್ಜಿ ಚಾಚಾ ಅವರದು. ಮುಂದಿನ ಕೋಣೆಯಲ್ಲಿ ಮಿಷಿನ್ನು, ಒಳಗೆ ಅವರೂ ಚಾಚಿಯೂ. ಚಾಚಾ ನನಗಿಂತ ಹತ್ತು ವರ್ಷ ದೊಡ್ಡವರಾದರೂ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನೆಂದು ನನ್ನನ್ನು ‘ಸರ’ ಎಂದೇ ಕರೆಯುತ್ತಿದ್ದರು. ಅದು ನನಗೂ ಹಿಡಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಊರಿಗೆ ರೆಡಿಮೇಡ್ ಬಂದ ಮೇಲೆ ಚಾಚಾಗೆ ಹರಿದದ್ದನ್ನು ಹೊಲಿಯುವುದಷ್ಟೇ ಉಳಿಯಿತು. ಅಷ್ಟರಲ್ಲಿ ಒಬ್ಬ ಏಜೆಂಟ ಗಂಟುಬಿದ್ದ. ಮಾಲ್ದೀವ್ಸ್‌ನ ಹೋಟೆಲೊಂದರಲ್ಲಿ ಕೆಲಸಗಾರರ ಬಟ್ಟೆ ಹೊಲಿಯಬೇಕು, ಎರಡು ವರ್ಷವಾದರೆ ಹೆಂಡತಿಯನ್ನೂ ಕರೆಸಿಕೊಂಡು ಅಲ್ಲೇ ಇದ್ದುಬಿಡಬಹುದು ಎಂದ. ‘ಅಲ್ಲೇ ಇರೂದು’ ಎಂಬ ಮಾತು ಚಾಚಾ ತಲೆಯಲ್ಲಿ ಕುಳಿತುಬಿಟ್ಟಿತು.

ಒಂದು ಶುಕ್ರವಾರ ಏಜೆಂಟನನ್ನು ಊಟಕ್ಕೆ ಕರೆದರು. ಅವನು ತರುವ ಇಂಗ್ಲಿಷ್ ಕಾಗದ ಓದಲು ನನ್ನನ್ನೂ ಕರೆದರು. ಮಾಂಸ ಉಣ್ಣದ ನನಗಾಗಿ ಬೇರೆಯಾಗಿ ಶಿರಾ ಮಾಡಿದ್ದರು. ಏಜೆಂಟ ಚಾಚಿಯನ್ನು ಸ್ವಂತ ಅಕ್ಕನೆಂಬಂತೆ ಬಾಯಿತುಂಬ ‘ಆಪಾ’ ಎನ್ನುತ್ತ ಉಣ್ಣುತ್ತಿದ್ದ. ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಎರಡು ಸಲ ಓದಿದೆ.

“ಇದು ತಿರಗಾಡಾಕ ಹೋಗೋರ ಕಾಗದ ಅಲ್ಲೇನ್ರಿ?” ಎಂದೆ.

ಅವನು ತಲೆ ಎತ್ತಲಿಲ್ಲ. “ಮೊದಲ ಎಲ್ಲಾರೂ ಹಿಂಗ ಹೋಗೂದ್ರಿ ಸರ. ಅಲ್ಲಿ ಮುಟ್ಟಿದ ಮ್ಯಾಲೆ ನೌಕ್ರಿ ಕಾಗದ ಮಾಡಿ ಕೊಡ್ತಾರ.”

ಚಾಚಾ ನನ್ನ ಮೊಣಕಾಲು ಅದುಮಿದರು. “ಉಣ್ಣಾಕ ಕುಂತೋರಿಗೆ ಹಿಂಗ ಕೇಳಬ್ಯಾಡ್ರಿ ಸರ,” ಎಂದು ಪಿಸುಗುಟ್ಟಿದರು. ನಮ್ಮ ಕಡೆ ಅದು ನಿಜವೇ. ತಾಟಿನಲ್ಲಿ ಕೈಯಿಟ್ಟವನ ಮೇಲೆ ಸಂಶಯಪಟ್ಟರೆ ಮನೆಯವರ ಮುಖಕ್ಕೆ ಹೊಡೆದಂತೆ. ಮೇಲಾಗಿ ನನ್ನ ಇಂಗ್ಲಿಷಿನ ಮೇಲೆ ನನಗೇ ಪೂರ್ತಿ ಧೈರ್ಯವಿರಲಿಲ್ಲ.

“ಎಲ್ಲಾ ಸರಿ ಐತಿಲ್ರಿ ಸರ?” ಎಂದು ಚಾಚಾ ಕೇಳಿದರು.

“ಐತ್ರಿ ಚಾಚಾ,” ಎಂದೆ.

ಹೋಗುವ ವಾರವಿಡೀ ಊರವರ ಬಟ್ಟೆ ಮುಗಿಸಿ ಕೊಡಲು ಮಿಷಿನ್ನು ನಿಲ್ಲಲಿಲ್ಲ. “ಯಾರ ಅರಿವೀನೂ ನನ್ನ ಹಂತ್ಯಾಕ ಉಳೀಬಾರ್ದ್ರಿ,” ಎನ್ನುತ್ತಿದ್ದರು. ಆ ಮಾತು ನನಗೆ ಯಾಕೋ ಅಪಶಕುನದಂತೆ ಕೇಳಿಸಿತು. ನನ್ನ ಅಂಗಿಯನ್ನು ಕೊನೆಗೆ ಕೊಟ್ಟು ಹೋದರು.

ಮೊದಮೊದಲು ಫೋನಿನಲ್ಲಿ ಸಮುದ್ರದ ಫೋಟೋ ಬಂದವು. ಆಮೇಲೆ ಬರೀ ದನಿಯ ಸಂದೇಶ. ಪಾಸ್‌ಪೋರ್ಟ್ ಯಾರೋ ಇಸಿದುಕೊಂಡಿದ್ದರಂತೆ. ಹೊಲಿಗೆಯಿಲ್ಲ, ಸಿಮೆಂಟು ಹೊರುವ ಕೆಲಸವಂತೆ. ಅಧಿಕಾರಿಗಳು ಬಂದರೆ ಹತ್ತು ಜನರನ್ನು ಒಂದೇ ಖೋಲಿಗೆ ಹಾಕಿ ಹೊರಗಿನಿಂದ ಕೀಲಿ ಜಡಿಯುತ್ತಿದ್ದರಂತೆ. ಇಷ್ಟನ್ನೂ ಅವರು ನಗುನಗುತ್ತಲೇ ಹೇಳುತ್ತಿದ್ದರು...

ಕೊನೆಯ ದನಿಯಲ್ಲಿ ನಗು ಇರಲಿಲ್ಲ. “ಸರ, ಇಲ್ಲಿ ಹಿಡೀಲಿಕ್ಹತ್ಯಾರ. ನಮ್ಮ ಕಾಗದದಾಗ ಏನ ಬರದೈತಿ ಒಂದೀಟು ಓದಿ ಹೇಳ್ರಿ. ಕೇಳಿದೋರಿಗೆ ನಾ ಹಂಗ ಹೇಳ್ತೀನಿ.”

ಆಗಲೂ ಅವರಿಗೆ ನನ್ನ ಮೇಲೆ ನಂಬಿಕೆಯಿತ್ತು. ಚಾಚಿಯ ಬಳಿ ಉಳಿದಿದ್ದ ಝೆರಾಕ್ಸ್ ಇಸಿದುಕೊಂಡು, ಅವರ ಎದುರಿಗೇ ಫೋನ್ ಹಿಡಿದು ಕನ್ನಡದಲ್ಲಿ ಓದಿದೆ: ಪ್ರವಾಸಕ್ಕೆ ಮಾತ್ರ, ಮೂವತ್ತು ದಿನ, ಕೆಲಸ ಮಾಡುವಂತಿಲ್ಲ. ನಾಲ್ಕು ಸಾಲು ಓದಿ, ದನಿ ಕಳಿಸುವ ಗುಂಡಿ ಒತ್ತಿದೆ.

ಚಾಚಿ ಬಾಗಿಲು ಹಿಡಿದು ನಿಂತಿದ್ದರು. “ಆವತ್ತೂ ಹಿಂಗ ಬರದಿತ್ತೇನ್ರಿ ಸರ?”

“ಹೌದ್ರಿ,” ಎಂದೆ.

ಎರಡು ವರ್ಷವಾಯಿತು. ಕಳಿಸಿದ ದನಿಯ ಪಕ್ಕದಲ್ಲಿ ಒಂದೇ ಗುರುತು ಮೂಡಿದೆ, ಅವರ ಫೋನಿಗೆ ಮುಟ್ಟಿತೆನ್ನುವ ಎರಡನೆಯದು ಮೂಡಿಲ್ಲ. ಸರ್ಕಾರಕ್ಕೆ ಬರೆದ ಅರ್ಜಿಗಳಿಗೆಲ್ಲ ‘ವಿಚಾರಿಸುತ್ತಿದ್ದೇವೆ’ ಎಂಬ ಒಂದೇ ಉತ್ತರ. ಚಾಚಾ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಚಾಚಿ ಕೆಮ್ಮಿದರೂ ನನಗೆ ಕೇಳಿಸುತ್ತದೆ. ಆ ದಿನದಿಂದ ಅವರು ನನ್ನೊಡನೆ ಮಾತಾಡಿಲ್ಲ.